ಕೋಚ್‌ಗಳ ಕೋಪ ನೋಡಲು ಕೊಂಡ ದುರ್ಬೀನು

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಗ್ಯಾಲರಿಗೂ ಫುಟ್‌ಬಾಲ್ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಅಷ್ಟು ದೂರಕ್ಕೆ ನನ್ನ ಕಣ್ಣಿಗೆ ಕೋಚ್‌ಗಳೆಲ್ಲ ಕೈಬೀಸುವ ಬೆದರುಬೊಂಬೆಗಳು. 2023ರ ಮಾರ್ಚ್ 3ರಂದು ಎದುರಾಳಿಗಳು ಚೆಂಡಿಗೆ ಅಡ್ಡಲಾಗಿ ಗೋಡೆ ಕಟ್ಟಿ ನಿಲ್ಲುವ ಮೊದಲೇ ಬೆಂಗಳೂರು ಎಫ್‌ಸಿ ತಂಡದ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ಆ ಗೋಲನ್ನು ಒಪ್ಪದೆ ಎದುರಾಳಿ ಕೇರಳ ಬ್ಲಾಸ್ಟರ್ಸ್ ಕೋಚ್ ವುಕೊಮನೊವಿಚ್ ತಮ್ಮ ತಂಡವನ್ನೇ ಹೊರಗೆ ಕರೆದರು. ನಡೆದದ್ದೇನೆಂದು ನಾನು ಪಕ್ಕದವರನ್ನು ಕೇಳಬೇಕಾಯಿತು. ಆ ಕೋಚ್‌ಗೆ 10 ಪಂದ್ಯಗಳ ನಿಷೇಧ ಬಿತ್ತು, ನನಗೆ 2,600 ರೂಪಾಯಿಯ ದುರ್ಬೀನು.

ಎಂಟು ಪಟ್ಟು ಹಿಗ್ಗಿಸುತ್ತದೆ. ಹೊನಲು ಬೆಳಕಿನಲ್ಲೂ ಚಿತ್ರ ಸ್ಪಷ್ಟ. ಕೋಚ್ ಕತ್ತಿನ ನರ ಉಬ್ಬುವುದು, ಇಲ್ಲದ ಕಾರ್ಡನ್ನು ಗಾಳಿಯಲ್ಲಿ ಎತ್ತಿ ತೋರಿಸುವುದು, ಸಹಾಯಕ ಅವರ ಅಂಗಿ ಹಿಡಿದು ಎಳೆಯುವುದು, ಎಲ್ಲವೂ ಕಾಣುತ್ತದೆ. ನಾನು ಹೆಚ್ಚು ನೋಡುವುದು ಮೈದಾನದ ಅಂಚಿನಲ್ಲಿ ಕೋಚ್‌ಗಳ ಬಳಿ ನಿಲ್ಲುವ ನಾಲ್ಕನೇ ರೆಫರಿಯನ್ನು. ಕಿವಿಯ ಬಳಿ ಅಷ್ಟು ಕೂಗಾಟವಿದ್ದರೂ ಮುಖ ಅಲುಗುವುದಿಲ್ಲ. ದೈಹಿಕ ಶಿಕ್ಷಕನಾಗಿ ಶಾಲಾ ಪಂದ್ಯಗಳಿಗೆ ಸೀಟಿ ಊದಿದವನು ನಾನು. ಒಮ್ಮೆ ಆಫ್‌ಸೈಡ್ ಕೊಟ್ಟಿದ್ದಕ್ಕೆ ಆಟಗಾರನೊಬ್ಬನ ಮಾವ ಕೊಡೆ ಹಿಡಿದು ಅಟ್ಟಿಸಿಕೊಂಡು ಬಂದಿದ್ದರು.

ದೂರುಗಳೂ ಇವೆ. ಫೋಕಸ್ ಚಕ್ರ ಬಿಗಿ. ತಿರುಗಿಸುವಷ್ಟರಲ್ಲಿ ಹಳದಿ ಕಾರ್ಡ್ ಜೇಬಿಗೆ ಮರಳಿರುತ್ತದೆ. ಕೊರಳ ಪಟ್ಟಿ ಎರಡನೇ ತಿಂಗಳಿಗೇ ಹರಿಯಿತು. ಈಗ ಹೆಂಡತಿ ಕೊಟ್ಟ ಲಾಡಿ ಕಟ್ಟಿಕೊಂಡಿದ್ದೇನೆ. ಐದಕ್ಕೆ ಮೂರೂವರೆ ಅಂಕ.