ಸಹೋದ್ಯೋಗಿಯ ಕೈಯಿಂದ ಬಂದ ಫುಟ್‌ಬಾಲ್ ಸಂಗ್ರಹ: ಹಣ ಕೊಡುವ ಮುನ್ನ ಇದನ್ನು ಓದಿ

ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತ, ರಜೆಗೆ ಊರಿಗೆ ಹೊರಟಾಗ ತಮ್ಮಂದಿರಿಗೋ ಅಕ್ಕನ ಮಕ್ಕಳಿಗೋ ಆಟಗಾರರ ಸಹಿಯಿರುವ ಜೆರ್ಸಿ, ಆಟಗಾರರ ಚಿತ್ರವಿರುವ ಹಳೆಯ ಟ್ರೇಡಿಂಗ್ ಕಾರ್ಡು (ಸಂಗ್ರಹಕಾರರು ಕೂಡಿಡುವ ಕಾರ್ಡು) ಒಯ್ಯುವ ಕನ್ನಡಿಗರು ಸಾಕಷ್ಟು ಮಂದಿ ಇದ್ದಾರೆ. ಇವನ್ನು ಅಪರಿಚಿತರಿಂದ ಕೊಳ್ಳುವಾಗ ನಾವೆಲ್ಲ ಹತ್ತು ಪ್ರಶ್ನೆ ಕೇಳುತ್ತೇವೆ. ಅದೇ ವಸ್ತು ಪಕ್ಕದ ಮೇಜಿನವರ ಮೂಲಕ ಬಂದರೆ ಪ್ರಶ್ನೆ ಕೇಳುವುದೇ ಅಸಭ್ಯತೆ ಎನಿಸುತ್ತದೆ. ನಕಲಿ ವಸ್ತುಗಳು ಕೈಯಿಂದ ಕೈಗೆ ಸಾಗುವುದು ಈ ಸಂಕೋಚದ ದಾರಿಯಲ್ಲೇ ಎಂಬುದು ನನಗೀಗ ಖಚಿತವಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮ್ಯಾಂಚೆಸ್ಟರಿನ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು, ತೀರಿಕೊಂಡ ತಮ್ಮ ಚಿಕ್ಕಪ್ಪನ ಮನೆ ಖಾಲಿ ಮಾಡಬೇಕಾಗಿದೆ, ಅವರು ಜೀವನವಿಡೀ ಕೂಡಿಟ್ಟ ಫುಟ್‌ಬಾಲ್ ವಸ್ತುಗಳು ಆಸಕ್ತಿಯುಳ್ಳವರ ಕೈಸೇರಲಿ ಎಂಬ ಆಸೆಯಿದೆ ಎಂದು ಹೇಳಿದ್ದರು. ಗಾಜಿನ ಚೌಕಟ್ಟಿನಲ್ಲಿದ್ದ, ಬೆಕ್‌ಹ್ಯಾಮ್ ಸಹಿಯಿರುವ ಮ್ಯಾಂಚೆಸ್ಟರ್ ಯುನೈಟೆಡ್ ಜೆರ್ಸಿ ಮತ್ತು ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಟ್ಟ ಮೆಸ್ಸಿಯ ಒಂದು ಕಾರ್ಡು, ಇವೆರಡಕ್ಕೂ ಸೇರಿ ಒಂಬೈನೂರು ಪೌಂಡ್ ಕೇಳಿದರು. ನಾನು ಬ್ಯಾಂಕ್ ಖಾತೆಗೆ ನೇರವಾಗಿ ವರ್ಗಾಯಿಸಿದೆ. ಜೆರ್ಸಿಯನ್ನು ಬೆಂಗಳೂರಿನ ಗೌತಮಪುರದಲ್ಲಿರುವ ಸೋದರಮಾವನ ಮಗನಿಗೆ ಕೊಡುವುದಿತ್ತು. ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ ಬಡಾವಣೆ ಅದು. ಅಲ್ಲಿನ ಹುಡುಗನಿಗೆ ಇಂಥದ್ದೊಂದು ಜೆರ್ಸಿ ಎಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಜೆರ್ಸಿಯ ಜೊತೆಗಿದ್ದ ಪ್ರಮಾಣಪತ್ರದಲ್ಲಿ, ಇದು 1996-97ರ ಋತುವಿನಲ್ಲಿ ಬೆಕ್‌ಹ್ಯಾಮ್ ಸ್ವತಃ ತೊಟ್ಟು, ಆ ವರ್ಷದ ಲೀಗ್ ಗೆದ್ದ ಬಳಿಕ ಸಹಿ ಹಾಕಿದ ಅಂಗಿ ಎಂದು ಬರೆದಿತ್ತು. ವಿಂಬಲ್ಡನ್ ತಂಡದ ವಿರುದ್ಧ ಮೈದಾನದ ಮಧ್ಯರೇಖೆಯಿಂದಲೇ ಒದ್ದು ಗೋಲು ಹೊಡೆದು ಅವರು ಮನೆಮಾತಾದದ್ದು ಅದೇ ಋತುವಿನ ಮೊದಲ ಪಂದ್ಯದಲ್ಲಿ, 1996ರ ಆಗಸ್ಟ್‌ನಲ್ಲಿ. ಚೌಕಟ್ಟಿನಲ್ಲಿ ಅಂಗಿಯ ಎದೆಭಾಗ ಮಾತ್ರ ಕಾಣುತ್ತಿತ್ತು: ಶಾರ್ಪ್ ಕಂಪನಿಯ ಹೆಸರು, ಅಂಬ್ರೊ ಚಿಹ್ನೆ, ಅವುಗಳ ನಡುವೆ ದೊಡ್ಡ ಕಪ್ಪು ಸಹಿ. ವಿಮಾನದಲ್ಲಿ ಗಾಜು ಒಯ್ಯುವುದು ಕಷ್ಟವೆಂದು ಚೌಕಟ್ಟನ್ನು ಬಿಚ್ಚಿಸಿ ಅಂಗಿಯನ್ನು ತಿರುಗಿಸಿದಾಗ ಬೆನ್ನ ಮೇಲೆ ಬೆಕ್‌ಹ್ಯಾಮ್ ಹೆಸರಿನ ಕೆಳಗೆ 7 ಎಂಬ ಅಂಕಿ ಇತ್ತು. ಆ ಋತುವಿನಲ್ಲಿ ಬೆಕ್‌ಹ್ಯಾಮ್ ತೊಟ್ಟದ್ದು 10. ಏಳನೆಯ ಅಂಕಿ ಆಗ ಎರಿಕ್ ಕ್ಯಾಂಟೋನಾ ಅವರದ್ದಾಗಿತ್ತು. 1997ರ ಮೇ ತಿಂಗಳಲ್ಲಿ ಅವರು ನಿವೃತ್ತರಾದ ನಂತರವೇ ಅದು ಬೆಕ್‌ಹ್ಯಾಮ್ ಪಾಲಿಗೆ ಬಂತು. ಪ್ರಮಾಣಪತ್ರ ಹೇಳುವ ಅಂಗಿ ಇದಾಗಿರಲು ಸಾಧ್ಯವೇ ಇರಲಿಲ್ಲ.

ಅನಂತರ ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಮಾರ್ಕರ್ ಪೆನ್ನಿನಿಂದ ಬಟ್ಟೆಯ ಮೇಲೆ ಬರೆದರೆ ಶಾಯಿ ನೂಲೆಳೆಗಳ ಗುಂಟ ಹರಡಿ ಅಂಚು ಮಸುಕಾಗುತ್ತದೆ, ಒಂದು ಗೆರೆ ಇನ್ನೊಂದನ್ನು ದಾಟುವಲ್ಲಿ ಕಪ್ಪು ಗಾಢವಾಗುತ್ತದೆ, ಕೈ ವೇಗವಾಗಿ ಓಡಿದಲ್ಲಿ ಗೆರೆ ತೆಳುವಾಗುತ್ತದೆ. ಈ ಸಹಿಯಲ್ಲಿ ಗೆರೆಯ ದಪ್ಪ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿತ್ತು. ಶಾಯಿ ನೂಲಿನೊಳಗೆ ಇಳಿದೇ ಇರಲಿಲ್ಲ; ಇಸ್ತ್ರಿ ಹಾಕಿ ಅಂಟಿಸಿದ ತೆಳುಪದರದಂತೆ ಮೇಲೆಯೇ ಕೂತಿದ್ದು, ಬಟ್ಟೆ ಮಡಿಸಿದ ಕಡೆ ಅಂಚು ಎದ್ದು ಬಂದಿತ್ತು.

ಮೆಸ್ಸಿಯ ಕಾರ್ಡಿನದು ಇನ್ನೂ ನಾಜೂಕಿನ ಕೆಲಸ. ಸ್ಪೇನಿನ ಲೀಗ್‌ಗಾಗಿ ಪಾನಿನಿ ಸಂಸ್ಥೆ 2004-05ರಲ್ಲಿ ಹೊರತಂದ ಮೆಗಾಕ್ರ್ಯಾಕ್ಸ್ ಸರಣಿಯ '71 ಬಿಸ್' ಕಾರ್ಡು ಮೆಸ್ಸಿಯ ಆರಂಭದ ಕಾರ್ಡುಗಳಲ್ಲಿ ಹೆಚ್ಚು ಬೇಡಿಕೆಯದ್ದು, ಆ ಕಾರಣಕ್ಕೇ ಹೆಚ್ಚು ನಕಲಾಗುವಂಥದ್ದು. ಅಮೆರಿಕದ ಪಿಎಸ್‌ಎ ಸಂಸ್ಥೆ ಕಾರ್ಡುಗಳನ್ನು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಶ್ರೇಣಿ ನೀಡಿ, ಕ್ರಮಸಂಖ್ಯೆಯೊಡನೆ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುತ್ತದೆ. ನನಗೆ ಬಂದದ್ದರ ಮೇಲೂ ಅಂಥದ್ದೇ ಚೀಟಿಯಿತ್ತು, ಅದರಲ್ಲಿದ್ದ ಸಂಖ್ಯೆ ಆ ಸಂಸ್ಥೆಯ ತಾಣದಲ್ಲಿ ಸಿಕ್ಕಿತು ಕೂಡ. ಇಲ್ಲಿಗೇ ನಿಲ್ಲಬೇಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ, ಏಕೆಂದರೆ ಬೇರೊಬ್ಬರ ಅಸಲಿ ಕಾರ್ಡಿನ ಸಂಖ್ಯೆಯನ್ನೇ ನಕಲಿ ಕವಚದ ಮೇಲೆ ಮುದ್ರಿಸುವ ದಂಧೆ ಇದೆ. ತಾಣದಲ್ಲಿದ್ದ ಚಿತ್ರದ ಕಾರ್ಡಿಗೆ ಎಡದ ಬಿಳಿ ಅಂಚು ಅಗಲ. ನನ್ನ ಕೈಯಲ್ಲಿದ್ದದ್ದಕ್ಕೆ ಬಲದ ಅಂಚು ಅಗಲ. ಭೂತಗನ್ನಡಿ ಹಿಡಿದಾಗ ಕಾರ್ಡಿನ ಚಿಕ್ಕ ಕಪ್ಪು ಅಕ್ಷರಗಳು ಕೂಡ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದು ಕಂಡವು. ಅಚ್ಚುಮನೆಯಲ್ಲಿ ಮುದ್ರಿತವಾದ ಕಾರ್ಡಿನಲ್ಲಿ ಚಿತ್ರ ಚುಕ್ಕೆಗಳಿಂದ ಕೂಡಿದ್ದರೂ ಕಪ್ಪು ಅಕ್ಷರಗಳು ಸಾಮಾನ್ಯವಾಗಿ ಗಟ್ಟಿ ಕಪ್ಪಾಗಿರುತ್ತವೆ. ಅಸಲಿಯನ್ನು ಸ್ಕ್ಯಾನ್ ಮಾಡಿ ಮರುಮುದ್ರಿಸಿದಾಗ ಅಕ್ಷರಗಳೂ ಚುಕ್ಕೆಯಾಗುತ್ತವೆ.

ಪ್ರಮಾಣಪತ್ರ ಕೊಟ್ಟ ಕಂಪನಿಯ ಹೆಸರು ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ದಾಖಲೆಯಲ್ಲಿ ಇರಲಿಲ್ಲ. ಈ ದಾಖಲೆಯನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಸಹೋದ್ಯೋಗಿಯನ್ನು ಕೇಳಿದಾಗ ಮಾತು ಬದಲಾಯಿತು: ಜೆರ್ಸಿ ಚಿಕ್ಕಪ್ಪನದಲ್ಲ, ಅವರ ಗೆಳೆಯರದ್ದು, ಕಾರ್ಡು ಯಾವುದೋ ಮನೆ ಸಾಮಾನಿನ ಹರಾಜಿನಲ್ಲಿ ಪೆಟ್ಟಿಗೆಯ ಲೆಕ್ಕದಲ್ಲಿ ಬಂದದ್ದು. ಅವರಿಗೆ ಮೊದಲೇ ತಿಳಿದಿತ್ತೋ ಇಲ್ಲವೋ ನಾನು ಹೇಳಲಾರೆ. ಹಣವನ್ನಂತೂ ಹಿಂತಿರುಗಿಸಲಿಲ್ಲ; ಕಚೇರಿಯಲ್ಲಿ ನನ್ನೊಡನೆ ಮಾತು ಬಿಟ್ಟಿದ್ದಾರೆ. ಹಣಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಈ ಮೌನ.

ಒಂದು ವಸ್ತುವಿನ ಹಿನ್ನೆಲೆ ಎಂದರೆ ಏನೆಂಬುದಕ್ಕೆ 1986ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ತೊಟ್ಟಿದ್ದ ಅಂಗಿಯನ್ನು ನೋಡಬಹುದು. ಪಂದ್ಯ ಮುಗಿದ ಮೇಲೆ ಅದನ್ನು ಅದಲುಬದಲು ಮಾಡಿಕೊಂಡವರು ಇಂಗ್ಲೆಂಡಿನ ಸ್ಟೀವ್ ಹಾಡ್ಜ್. ಅದು ವರ್ಷಗಟ್ಟಲೆ ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಮ್ಮಿನಲ್ಲಿ ಎರವಲಾಗಿ ಪ್ರದರ್ಶನದಲ್ಲಿತ್ತು. ಇಷ್ಟಿದ್ದರೂ 2022ರಲ್ಲಿ ಸದಬೀಸ್ ಹರಾಜಿಗಿಟ್ಟಾಗ, ಇದು ಗೋಲು ಹೊಡೆದ ದ್ವಿತೀಯಾರ್ಧದ ಅಂಗಿಯಲ್ಲ, ಮೊದಲರ್ಧದ್ದು ಎಂದು ಮರಡೋನಾ ಕುಟುಂಬದವರು ಆಕ್ಷೇಪಿಸಿದರು. ಪಂದ್ಯದ ಛಾಯಾಚಿತ್ರಗಳೊಡನೆ ಅಂಗಿಯ ಸೂಕ್ಷ್ಮ ಗುರುತುಗಳನ್ನು ಹೋಲಿಸಿದ ವರದಿಯನ್ನು ಹರಾಜು ಸಂಸ್ಥೆ ಮುಂದಿಟ್ಟಿತು. ಅಂಗಿ ಸುಮಾರು 71 ಲಕ್ಷ ಪೌಂಡಿಗೆ ಮಾರಾಟವಾಯಿತು. ಅಂಥ ಅಂಗಿಗೇ ಸಾಕ್ಷ್ಯ ಕೇಳಿದರೆಂದ ಮೇಲೆ ಸಹೋದ್ಯೋಗಿಯ ಅಂಗಿಗೆ ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಹಣದ ವಿಷಯವನ್ನೂ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ನೂರು ಪೌಂಡಿಗೆ ಮೇಲ್ಪಟ್ಟ ವಸ್ತುವನ್ನು ವ್ಯಾಪಾರಿಯಿಂದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ 1974ರ ಗ್ರಾಹಕ ಸಾಲ ಕಾಯಿದೆಯ 75ನೆಯ ಕಲಮಿನ ರಕ್ಷಣೆ, ಅಂದರೆ ಕಾರ್ಡು ಕೊಟ್ಟ ಸಂಸ್ಥೆಯಿಂದಲೂ ಹಣ ವಾಪಸು ಕೇಳುವ ಹಕ್ಕು, ಸಿಗಬಹುದು. ವ್ಯಕ್ತಿಯ ಖಾತೆಗೆ ನೇರವಾಗಿ ಕಳಿಸಿದ ಹಣಕ್ಕೆ ಅದು ಅನ್ವಯಿಸುವುದಿಲ್ಲ. ಪೇಪ್ಯಾಲ್‌ನಲ್ಲಿ ಸ್ನೇಹಿತರಿಗೆ ಕಳಿಸುವ ಬಗೆಯ ಪಾವತಿಗೂ ಖರೀದಿದಾರರ ರಕ್ಷಣೆ ಇಲ್ಲ. ಆದರೂ ವಸ್ತು ವಿವರಣೆಗೆ ತಕ್ಕಂತಿರಬೇಕು ಎಂಬ ನಿಯಮ ಖಾಸಗಿ ಮಾರಾಟಕ್ಕೂ ಅನ್ವಯವಾಗುವುದರಿಂದ, ಮಾರುವವರು ಹೇಳಿದ ವಿವರ ಬರಹದಲ್ಲಿದ್ದರೆ ಸಣ್ಣ ಮೊತ್ತದ ದಾವೆಗೆ ಆಧಾರ ಸಿಗುತ್ತದೆ. ಚಿಕ್ಕಪ್ಪನ ಕಥೆಯನ್ನು ಅವರು ಸಂದೇಶದಲ್ಲಿ ಬರೆದಿದ್ದರಿಂದಲೇ ನನ್ನ ದಾವೆಗೆ ಕಾಗದಪತ್ರ ಸಿದ್ಧವಾಗುತ್ತಿದೆ.

ಅದೇ ಪೆಟ್ಟಿಗೆಯ ಬೇರೆ ವಸ್ತುಗಳು ಇನ್ನೂ ಕೆಲವರಿಗೆ ಹೋಗಿವೆ ಎಂದು ತಿಳಿದುಬಂದಿದೆ. ಕಡುಹಸಿರು ಬಣ್ಣದ ಪ್ರಮಾಣಪತ್ರ, ಕೆಳಗೆ ಬಲಮೂಲೆಯಲ್ಲಿ ಸಂಖ್ಯೆಯೇ ಇಲ್ಲದ ಬೆಳ್ಳಿ ಹೊಳಪಿನ ಸ್ಟಿಕರ್, ಜೊತೆಗೆ ಬೆನ್ನು ಕಾಣದಂತೆ ಹಿಂದಿನ ಹಲಗೆಗೆ ಹೊಲಿದ ಅಂಗಿ, ಇವುಗಳೊಡನೆ ಯಾರಾದರೂ ನಿಮಗೆ ಮಾರಲು ಬಂದರೆ, ಹಲಗೆ ಬಿಚ್ಚಿ ಬೆನ್ನು ತೋರಿಸುವವರೆಗೆ ದಯವಿಟ್ಟು ಹಣ ಕೊಡಬೇಡಿ.