ಹಳೇ ಐ5ಗೆ ಯಾವ ಗ್ರಾಫಿಕ್ಸ್ ಕಾರ್ಡ್? 6400, 1650, 570, 6600: ನಾಲ್ಕನ್ನೂ ಹಾಕಿ ನೋಡಿದ್ದು

ಶಿರಸಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿರುವುದು ಇಂಟೆಲ್ ಐ5-4570. 2013ರ ಪ್ರೊಸೆಸರ್, ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಮ್ಮೆಗೆ ನಡೆಯುವ ಕೆಲಸದ ಸಾಲು). ಬೋರ್ಡ್ ಎಚ್81, ರ‍್ಯಾಮ್ 16 ಜಿಬಿ. ಆ ಬೋರ್ಡಿಗೆ ಅದಕ್ಕಿಂತ ಹೆಚ್ಚು ಹಾಕಲು ಬರುವುದೂ ಇಲ್ಲ. ನನಗೆ ಯಕ್ಷಗಾನದ ವಿಡಿಯೋ ಎಡಿಟಿಂಗ್ ಆಗಬೇಕು, ಹೆಂಡತಿಯ ತಮ್ಮ ರಜೆಗೆ ಬಂದರೆ ಗೇಮ್ ಓಡಬೇಕು. ಕೆಲವನ್ನು ಕೊಂಡು, ಕೆಲವನ್ನು ಎರವಲು ತಂದು ನೋಡಿದ ಮೇಲೆ ನನ್ನ ಮಟ್ಟಿಗೆ ಗೆದ್ದದ್ದು ಜಿಟಿಎಕ್ಸ್ 1650. ಇವುಗಳಲ್ಲಿ ಜೋರಾದ ಕಾರ್ಡ್ ಅದು ಖಂಡಿತ ಅಲ್ಲ.

ಹಳೇ ಮಷೀನಿಗೆ ಅಂದ ಕೂಡಲೇ ಅಂಗಡಿಯವರು ತೋರಿಸುವುದು ಆರ್‌ಎಕ್ಸ್ 6400. 2022ರದ್ದು, ಬರೀ 53 ವ್ಯಾಟ್, ಕರೆಂಟ್ ಹಂಚುವ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಬೇಡ. ಆದರೆ ಅದರಲ್ಲಿ ಡೇಟಾ ಓಡಾಡುವುದು ನಾಲ್ಕೇ ಲೇನಿನಲ್ಲಿ (ಬೋರ್ಡಿಗೂ ಕಾರ್ಡಿಗೂ ನಡುವಿನ ದಾರಿ). ಆ ದಾರಿಯ ವೇಗ ಪಿಸಿಐ ಎಕ್ಸ್‌ಪ್ರೆಸ್ ಪೀಳಿಗೆಯ ಮೇಲೆ ನಿಂತಿದೆ. ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಹೊಸ ಬೋರ್ಡಿನಲ್ಲಿ ನಾಲ್ಕು ಲೇನೆಂದರೆ ಸೆಕೆಂಡಿಗೆ ಸುಮಾರು 8 ಜಿಬಿ, 3.0ದಲ್ಲಿ ಅದರ ಅರ್ಧ. ನನ್ನ ಪ್ರೊಸೆಸರಿಗೆ 3.0 ಬರುತ್ತದೆ, ಎಚ್81 ಚಿಪ್‌ಸೆಟ್ ಮಾತ್ರ ಅದನ್ನು 2.0ಕ್ಕೇ ಕಟ್ಟಿಹಾಕುತ್ತದೆ. ಕೊನೆಗೆ ಉಳಿಯುವುದು 2 ಜಿಬಿ. ಕಾರ್ಡಿನ ಸ್ವಂತ 4 ಜಿಬಿ ತುಂಬುವ ತನಕ ಏನೂ ಗೊತ್ತಾಗುವುದಿಲ್ಲ. ತುಂಬಿತೋ, ಗೇಮಿನ ಗೋಡೆ-ರಸ್ತೆಗಳ ಮೇಲ್ಮೈ ಚಿತ್ರಗಳಾದ ಟೆಕ್ಸ್ಚರ್‌ಗಳೆಲ್ಲ ರ‍್ಯಾಮಿನಿಂದ ಆ ಸಣ್ಣ ದಾರಿಯಲ್ಲೇ ಬರಬೇಕು. ದೇವಿಮನೆ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ ಬಸ್ಸು ನಿಂತು ಹೊರಟ ಹಾಗೆ ಗೇಮ್ ನಿಂತು ನಿಂತು ಹೋಗುತ್ತದೆ. ಜಿಟಿಎ 5ರಲ್ಲಿ ಪೇಟೆಯೊಳಗೆ ಕಾರು ಜೋರಾಗಿ ಬಿಟ್ಟಾಗ ಇದು ಎದ್ದು ಕಂಡಿತು. “ಭಾವ, ಹೊಸ ಕಾರ್ಡಾದ್ರೂ ಹಿಂಗ್ಯಾಕೆ?” ಅಂದ ಹುಡುಗ. ಟೆಕ್ಸ್ಚರ್ ಒಂದು ಹಂತ ಇಳಿಸಿದ ಮೇಲೆ ಸುಮ್ಮನಾದ.

ನನ್ನ ತಕರಾರು ಬೇರೆ. 6400ರಲ್ಲಿ ವಿಡಿಯೋ ಕುಗ್ಗಿಸಿ ಫೈಲ್ ಮಾಡುವ ಎನ್‌ಕೋಡರೇ ಇಲ್ಲ. ಬೆಳಗಿನವರೆಗಿನ ಆಟ ರೆಕಾರ್ಡ್ ಮಾಡಿ ತಂದು ಎಕ್ಸ್‌ಪೋರ್ಟ್ ಕೊಟ್ಟರೆ ಪೂರ್ತಿ ಭಾರ ಆ ನಾಲ್ಕು ಕೋರುಗಳ ತಲೆಗೆ. ಬಯೋಸ್‌ನಲ್ಲಿ ಪ್ರೊಸೆಸರಿನೊಳಗಿನ ಇಂಟೆಲ್ ಗ್ರಾಫಿಕ್ಸ್ ಚಾಲೂ ಇಟ್ಟುಕೊಂಡರೆ ಅದರ ಎನ್‌ಕೋಡರ್ ಸಿಗುತ್ತದೆ, ನಿಜ. ದುಡ್ಡು ಕೊಟ್ಟು ಕಾರ್ಡ್ ತಂದು ಮತ್ತೆ ಹಳೇ ಚಿಪ್ಪಿನ ಕಾಲು ಹಿಡಿಯುವುದಾದರೆ ಕಾರ್ಡ್ ಯಾಕೆ?

1650 ಬಂದದ್ದು 2019ರಲ್ಲಿ. ಅದಕ್ಕೂ 4 ಜಿಬಿಯೇ, ಅದೂ ತುಂಬುತ್ತದೆ. ಆದರೆ ಲೇನ್ 16 ಇರುವುದರಿಂದ 2.0 ಬೋರ್ಡಿನಲ್ಲೂ ಸೆಕೆಂಡಿಗೆ 8 ಜಿಬಿ ಹಾದುಹೋಗುತ್ತದೆ. ಅದೇ ಪೇಟೆ, ಅದೇ ಸೆಟ್ಟಿಂಗ್, ಅಂಥ ತಡೆಯಿಲ್ಲ. ಎನ್‌ಕೋಡರ್ ಇದೆ, ಎಕ್ಸ್‌ಪೋರ್ಟ್ ಆಗುತ್ತಿರುವಾಗಲೇ ಬೇರೆ ಕೆಲಸ ನೋಡಿಕೊಳ್ಳಬಹುದು. 75 ವ್ಯಾಟ್, ಸ್ಲಾಟೇ ಅಷ್ಟನ್ನು ಕೊಡುತ್ತದೆ. ಕೊಳ್ಳುವಾಗ ಹೆಸರು ನೋಡಿ ಬಿಟ್ಟರೆ ಸಾಲದು: ಅದೇ ಹೆಸರಿನಲ್ಲಿ 6 ಪಿನ್ನಿನ ಬೇರೆ ಕರೆಂಟ್ ವೈರು ಬೇಡುವ ಮಾಡೆಲ್‌ಗಳೂ ಇವೆ, ಮೆಮೊರಿಯಲ್ಲೂ ಜಿಡಿಡಿಆರ್5 ಮತ್ತು ಜಿಡಿಡಿಆರ್6 ಎರಡೂ ಇವೆ. ಜಿಡಿಡಿಆರ್6 ಸಿಕ್ಕರೆ ಅದನ್ನೇ ಹಿಡಿಯಿರಿ. ಹಾಕಿದ ಮೇಲೆ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದರೆ ಬಸ್ ಇಂಟರ್‌ಫೇಸ್ ಅನ್ನುವ ಸಾಲಿನ ಪಕ್ಕ ಸಣ್ಣ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಅದನ್ನು ಒತ್ತಿ ಟೆಸ್ಟ್ ಓಡಿಸಿದಾಗ ಬರುವುದು ನಿಜವಾದ ಅಂಕಿ. ಸುಮ್ಮನಿದ್ದಾಗ ಕಾರ್ಡ್ ವೇಗ ಇಳಿಸಿಕೊಂಡು 1.1 ಅಂತ ತೋರಿಸಿ ಗಾಬರಿ ಹುಟ್ಟಿಸುತ್ತದೆ.

ಇನ್ನೂ ಅಗ್ಗಕ್ಕೆ ಹಳೇ ಜಿಟಿಎಕ್ಸ್ 1050 ಟಿಐ ಸಿಗುತ್ತದಲ್ಲ ಅನ್ನುವವರಿಗೆ: ಆ ಪೀಳಿಗೆಗೆ ಎನ್‌ವಿಡಿಯಾದ ಗೇಮ್ ಡ್ರೈವರ್ 2025ರ ಅಕ್ಟೋಬರಿಗೆ ಮುಗಿಯಿತು. ಇನ್ನು ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ.

ಆರ್‌ಎಕ್ಸ್ 570, 8 ಜಿಬಿಯದ್ದು, ಕಾರವಾರದ ಬೈತಖೋಲ್ ಕಡೆಯ ಪರಿಚಯದವರಿಂದ ಬಂತು. ಗೇಮಿನಲ್ಲಿ 1650ಗಿಂತ ಮುಂದೆ, ಮೆಮೊರಿಯೂ ದುಪ್ಪಟ್ಟು, ಬೆಲೆ ಕಡಿಮೆ. 2022ರ ಸೆಪ್ಟೆಂಬರಿನಲ್ಲಿ ಇಂಥ ಕಾರ್ಡುಗಳಲ್ಲಿ ಮಾಡುತ್ತಿದ್ದ ಇಥೀರಿಯಮ್ ಡಿಜಿಟಲ್ ನಾಣ್ಯದ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡುಗಳು ರಾಶಿ ರಾಶಿ ಹೊರಬಿದ್ದವು. ಕಡಲ ಬದಿಯ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಫ್ಯಾನಿಗಿಂತ ಮೊದಲು ತಗಡಿನ ಪಟ್ಟಿ ನೋಡಬೇಕು. ಇದರ ಸ್ಕ್ರೂ ತಲೆಗಳು ಕೆಂಪು ತುಕ್ಕು ಹಿಡಿದಿದ್ದವು, ಎಚ್‌ಡಿಎಂಐ ಬಾಯಿಯ ಅಂಚಿನಲ್ಲಿ ಬಿಳಿ ಪುಡಿ. ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೆಯೇ ಡಿಸ್‌ಪ್ಲೇ ಬಂತು.

ಅದನ್ನು ಬಿಟ್ಟುಕೊಡಲು ಕಾರಣ ಕರೆಂಟು. 570 ಒಂದೇ 150 ವ್ಯಾಟ್, ಪ್ರೊಸೆಸರ್ 84, ಮಾನಿಟರ್ ಬೇರೆ. ನಮ್ಮ 600 ವಿಎ ಯುಪಿಎಸ್ ಹೊಸದಿದ್ದಾಗಲೂ ಹೊರುವುದು 360 ವ್ಯಾಟ್. ಬ್ಯಾಟರಿ ಈಗ ಹಳತಾಗಿದೆ. ಮಳೆಗಾಲದಲ್ಲಿ ತಂತಿಯ ಮೇಲೆ ಟೊಂಗೆ ಬಿದ್ದು ಕರೆಂಟ್ ಹೋದರೆ 1650 ಇದ್ದಾಗ ಫೈಲ್ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತಿತ್ತು. 570ರಲ್ಲಿ ಗೇಮ್ ನಡೆದಿದ್ದಾಗ ಹೋಯಿತೋ, ಒಂದು ಕಿರುಚು, ಪರದೆ ಕಪ್ಪು. ಮೇಲಾಗಿ ಅದು 8 ಪಿನ್ ಕೇಳುತ್ತದೆ. ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್‌ನ ಚೀಟಿಯಲ್ಲಿ 450 ವ್ಯಾಟ್ ಅಂತಿದ್ದರೂ ಆ ಕನೆಕ್ಟರ್ ಇಲ್ಲದಿದ್ದರೆ ಮೋಲೆಕ್ಸ್ ವೈರು ಗಂಟು ಹಾಕಿ ಓಡಿಸಲು ಹೋಗಬೇಡಿ, ವೈರು ಕರಗುತ್ತದೆ. ನಾನು ಬೇರೆ ಎಸ್‌ಎಂಪಿಎಸ್ ಹಾಕಿಯೇ ನೋಡಿದ್ದು. ಅದರ ದುಡ್ಡು ಸೇರಿಸಿದರೆ 570 ಅಗ್ಗವೇನೂ ಅಲ್ಲ.

ಆರ್‌ಎಕ್ಸ್ 6600 ಗೆಳೆಯನದ್ದು. 8 ಜಿಬಿ, 132 ವ್ಯಾಟ್, ಎಂಟು ಲೇನ್. ಒಳ್ಳೇ ಕಾರ್ಡ್, ಈ ಮನೆಗಲ್ಲ. ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿದರೂ ಫ್ರೇಮ್ ಏರಲಿಲ್ಲ. ಅಂದರೆ ತಡೆ ಇರುವುದು ಕಾರ್ಡಿನಲ್ಲಲ್ಲ. ಯಾವುದರ ಮೇಲೆ ಎಷ್ಟು ಭಾರ ಎಂದು ತೋರಿಸುವ ಆಫ್ಟರ್‌ಬರ್ನರ್‌ನಲ್ಲಿ ನಾಲ್ಕೂ ಥ್ರೆಡ್ ನೂರಕ್ಕೆ ಅಂಟಿಕೊಂಡಿದ್ದವು, ಕಾರ್ಡ್ ಆರಾಮಾಗಿ ಕೂತಿತ್ತು. ಒಂದೆರಡು ವರ್ಷದಲ್ಲಿ ಬೋರ್ಡು, ಪ್ರೊಸೆಸರ್ ಎರಡೂ ಬದಲಿಸುವವರು ಈಗಲೇ 6600 ಕೊಂಡಿಟ್ಟರೆ ತಪ್ಪಿಲ್ಲ.

ನಾನು ಆ ದುಡ್ಡಿನ ಸಣ್ಣ ಪಾಲಿನಲ್ಲಿ ಸೆಕೆಂಡ್ ಹ್ಯಾಂಡ್ ಐ7-4770 ಹುಡುಕುತ್ತಿದ್ದೇನೆ. ಅದೇ 1150 ಸಾಕೆಟ್, ನಾಲ್ಕು ಕೋರಿಗೆ ಎಂಟು ಥ್ರೆಡ್, ವ್ಯಾಟ್ ಅದೇ 84. ಹುಬ್ಬಳ್ಳಿಯಲ್ಲಿ ವಿಚಾರಿಸಿಟ್ಟಿದ್ದೇನೆ.