ಪದ್ಮಿನಿಯ ಬ್ರೇಕ್ ಹೋಸ್: ಹಳೇ ಸ್ಟಾಕ್, ಸ್ಟೀಲ್ ಹೆಣಿಗೆ, ಹೊಸ ರಬ್ಬರ್ ಎಲ್ಲವನ್ನೂ ಘಾಟಿಯಲ್ಲಿ ಹಾಕಿ ನೋಡಿದ್ದು

ಘಾಟಿ ಇಳಿಯುವ ಹಳೇ ಕಾರಿಗೆ ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲನ್ನು ಚಕ್ರಕ್ಕೆ ಮುಟ್ಟಿಸುವ ಬಾಗುವ ಕೊಳವೆ, ಕೊಳ್ಳುವವರು ಮೊದಲು ನೋಡಬೇಕಾದ್ದು ಅದು ತಯಾರಾದ ವರ್ಷ. ಆಮೇಲೆ ಉದ್ದ, ಆಮೇಲೆ ತ್ರೆಡ್, ಅಂದರೆ ತುದಿಯ ತಿರುಪು ಗೆರೆ. ಡಬ್ಬಿಯ ಮೇಲಿನ ಹೆಸರು, ಹೊಳಪು, ‘ಒರಿಜಿನಲ್ ಮಾಲು ಸಾರ್’ ಅನ್ನೋ ಮಾತು ಇವೆಲ್ಲ ಅದರ ನಂತರದ್ದು. ನನ್ನ ಪ್ರೀಮಿಯರ್ ಪದ್ಮಿನಿಗೆ ಬಗೆಬಗೆಯ ಹೋಸ್ ಹಾಕಿ, ಮಳೆಗಾಲದಲ್ಲೂ ಬೇಸಿಗೆಯಲ್ಲೂ ಓಡಿಸಿದ ಮೇಲೆ ಈ ಅನುಕ್ರಮ ನನ್ನ ತಲೆಯಲ್ಲಿ ಗಟ್ಟಿಯಾಗಿದೆ.

ಮೊದಲು ಕಾರಿನ ವಿಷಯ. ಇಟಲಿಯ ಫಿಯೆಟ್ 1100ರ ವಂಶದ ಗಾಡಿ, 1089 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ (ಚಕ್ರದೊಡನೆ ತಿರುಗುವ ಡ್ರಮ್ಮನ್ನು ಶೂಗಳು ಒಳಗಿನಿಂದ ಒತ್ತಿ ನಿಲ್ಲಿಸುವಂಥದ್ದು). ಹೋಸ್ ಇರುವುದು ಮೂರು: ಮುಂದಿನ ಚಕ್ರಗಳಿಗೆ ಒಂದೊಂದು, ಹಿಂದಿನ ಆಕ್ಸಲ್‌ಗೆ ಒಂದು. ನನ್ನ ಗಾಡಿಯಲ್ಲಿ ಬ್ರೇಕ್ ಸರ್ಕ್ಯೂಟ್ ಒಂದೇ. ಅಂದರೆ ಮೂರರಲ್ಲಿ ಯಾವುದೇ ಹೋಸ್ ಒಡೆದರೂ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೇ ಹೋಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ತೀರ್ಥಹಳ್ಳಿ ಕಡೆಯಿಂದ ಉಡುಪಿಗೆ ಹೊರಟರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿದೇ ಸೋಮೇಶ್ವರ ಸೇರಬೇಕು. ಅಲ್ಲಿ ಪೆಡಲ್ ನೆಲ ಮುಟ್ಟುವುದನ್ನು ಯೋಚಿಸಿದರೇ ಮೈ ಜುಮ್ಮೆನ್ನುತ್ತದೆ. ಹಾಗಾಗಿ ಮೊಳಕೈಯಷ್ಟೂ ಉದ್ದವಿಲ್ಲದ ಈ ಮೂರು ಕೊಳವೆಗಳ ಬಗ್ಗೆ ಇಷ್ಟು ಬರೆಯುತ್ತಿದ್ದೇನೆ.

ಹೋಸ್ ಬದಲಿಸುವ ಕಾಲ ಬಂದಿದೆ ಅಂತ ಗೊತ್ತಾಗುವುದು ಯಾವಾಗಲೂ ಸೋರಿಕೆಯಿಂದ ಅಲ್ಲ. ನನ್ನ ಕಾರಿನ ಮುಂದಿನ ಎಡ ಚಕ್ರ ಬ್ರೇಕ್ ಬಿಟ್ಟ ಮೇಲೂ ಹಿಡಿದುಕೊಂಡೇ ಇರುತ್ತಿತ್ತು. ಮಂಡಗದ್ದೆ ದಾಟುವಷ್ಟರಲ್ಲಿ ಆ ಡ್ರಮ್ ಮುಟ್ಟಲಾಗದಷ್ಟು ಕಾಯುತ್ತಿತ್ತು, ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು. ಹೊರಗಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಇತ್ತು. ಒಳಪದರ ಊದಿಕೊಂಡು ದಾರಿ ಕಿರಿದಾದಾಗ ಹೀಗಾಗುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ವಾಪಸ್ ತಳ್ಳಲು ಶೂಗಳ ಸ್ಪ್ರಿಂಗಿಗೆ ಅಷ್ಟು ಬಲ ಇಲ್ಲ. ಪರೀಕ್ಷೆ ಸುಲಭ. ಚಕ್ರ ಹಿಡಿದುಕೊಂಡಿರುವಾಗಲೇ ಹೋಸಿನ ಮೇಲ್ತುದಿಗೆ, ಅಂದರೆ ಬ್ರಾಕೆಟ್ ಹತ್ತಿರ ಕಬ್ಬಿಣದ ಪೈಪು ಸೇರುವ ನಟ್ಟನ್ನು ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ತೊಂದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆಯದು. ಅಲ್ಲಿ ಸಡಿಲಿಸಿದಾಗ ಬಿಡದೆ, ಚಕ್ರದಲ್ಲಿ ಗಾಳಿ ತೆಗೆಯುವ ಬ್ಲೀಡ್ ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ ಹೋಸ್ ಕಟ್ಟಿಕೊಂಡಿದೆ. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಬದಲಿಸಿ ದುಡ್ಡು ಕಳೆಯುವ ಮೊದಲು ಇದನ್ನು ಮಾಡಿ ನೋಡುವುದು ಒಳ್ಳೆಯದು.

ಮೊದಲು ಹಾಕಿದ್ದು ಹಳೇ ಸ್ಟಾಕ್, ಅಂದರೆ ಎಂದೋ ತಯಾರಾಗಿ ಬಳಸದೆ ಅಂಗಡಿಯಲ್ಲಿ ಉಳಿದ ಮಾಲು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೇಳಿದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ದಾರಿ ತೋರಿಸಿದರು. ಪದ್ಮಿನಿ ತಯಾರಿಕೆ ನಿಂತು ಎರಡು ದಶಕದ ಮೇಲಾಯಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುವಷ್ಟು ದಿನ ಬಿಡಿಭಾಗಕ್ಕೆ ಬೇಡಿಕೆ ಇತ್ತು. 2023ರ ಅಕ್ಟೋಬರ್ ಕೊನೆಗೆ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಈಗ ಅಂಗಡಿಗಳ ಅಟ್ಟದಲ್ಲಿ ಉಳಿದಿದ್ದೇ ಮಾಲು. ಡಬ್ಬಿ ಮಾಸಿದ್ದರೂ ಹೋಸ್ ಹೊಚ್ಚ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು. ತ್ರೆಡ್ ಸರಿ, ಉದ್ದ ಸರಿ, ಕ್ಲಿಪ್ ಕೂರುವ ಕಚ್ಚೂ ಸರಿ. ಕಾರ್ಖಾನೆಯ ಅಳತೆಯ ಸುಖ ಅದು, ಹಾಕುವಾಗ ಒಂದು ಸಲವೂ ಒದ್ದಾಡಬೇಕಾಗಲಿಲ್ಲ. ಪೆಡಲೂ ಚೆನ್ನಾಗಿತ್ತು. ಆದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಲೋಹದ ತುದಿ ರಬ್ಬರನ್ನು ಹಿಡಿದಿರುವ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಕೈಯಲ್ಲಿ ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತಿತ್ತು. ರಬ್ಬರಿಗೆ ವಯಸ್ಸಾಗಲು ಓಡಲೇಬೇಕೆಂದಿಲ್ಲ. ಗಾಳಿ, ಓಜೋನ್, ಬಿಸಿ ಸಾಕು, ಡಬ್ಬಿಯೊಳಗೂ ಸಾಕು. ಹಳೇ ಸ್ಟಾಕಿನ ಹಾರ್ನು, ಬಾಗಿಲ ಹಿಡಿ, ಮೀಟರು ಸಿಕ್ಕರೆ ಎರಡನೇ ಯೋಚನೆ ಇಲ್ಲದೆ ಕೊಳ್ಳಿ. ಹೋಸ್ ಮಾತ್ರ ಬೇಡ.

ನಂತರದ ಸಲಹೆ ಬಂದಿದ್ದು ಹೈಡ್ರಾಲಿಕ್ ಹೋಸ್ ಮಾಡಿಕೊಡುವವರಿಂದ. ನಮ್ಮ ಕಡೆ ಟ್ರ್ಯಾಕ್ಟರು, ಜೆಸಿಬಿ ಇರುವಲ್ಲೆಲ್ಲ ಇಂಥ ಅಂಗಡಿ ಇದ್ದೇ ಇದೆ. ‘ಜೆಸಿಬಿ ಬಕೆಟ್ ಎತ್ತುವ ಪೈಪು ಸಾರ್, ನಿಮ್ಮ ಕಾರಿನ ಬ್ರೇಕ್ ಯಾವ ಲೆಕ್ಕ’ ಎಂಬ ವಾದ. ಒತ್ತಡದ ಮಟ್ಟಿಗೆ ಆ ಮಾತು ನಿಜ. ಆದರೆ ಆ ಪೈಪಿನ ಒಳಪದರ ಸಾಮಾನ್ಯವಾಗಿ ನೈಟ್ರೈಲ್ ರಬ್ಬರು, ಅದು ಖನಿಜ ತೈಲಕ್ಕೆ ಹೇಳಿ ಮಾಡಿಸಿದ್ದು. ನಾವು ಬಳಸುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಹೆಸರಿಗೆ ಆಯಿಲ್, ಒಳಗಿರುವುದು ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ಇಪಿಡಿಎಂ ರಬ್ಬರು ಬೇಕು. ನಾನು ಅದನ್ನು ಕಾರಿಗೆ ಹಾಕಲಿಲ್ಲ. ಆ ಪೈಪಿನ ಒಂದು ತುಂಡು, ಬ್ರೇಕ್ ಹೋಸಿನ ಒಂದು ತುಂಡು ಎರಡನ್ನೂ ಗಾಜಿನ ಬಾಟಲಿಗಳಲ್ಲಿ ಬ್ರೇಕ್ ಆಯಿಲ್ ಹಾಕಿ ಮುಳುಗಿಸಿ ಇಟ್ಟೆ. ಕೆಲವು ವಾರದ ನಂತರ ತೆಗೆದಾಗ ಹೈಡ್ರಾಲಿಕ್ ತುಂಡಿನ ಒಳಭಾಗ ಉಗುರು ಊರುವಷ್ಟು ಮೆತ್ತಗಾಗಿ ಉಬ್ಬಿತ್ತು, ಬ್ರೇಕ್ ಹೋಸಿನ ತುಂಡು ಇಟ್ಟ ಹಾಗೇ ಇತ್ತು. ಊದಿದ ಒಳಪದರ ಏನು ಮಾಡುತ್ತದೆ ಎಂದು ಆಗಲೇ ಹೇಳಿದೆ. ಈ ದಾರಿ ಅಗ್ಗ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಸ್ಟೀಲ್ ಹೆಣಿಗೆಯ ಹೋಸ್ ಬಗ್ಗೆ ನನಗೆ ನಿಜಕ್ಕೂ ಆಸೆ ಇತ್ತು. ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಕೊಳವೆ, ಮೇಲೆ ಸ್ಟೇನ್‌ಲೆಸ್ ತಂತಿಯ ಹೆಣಿಗೆ. ರಬ್ಬರಿನಂತೆ ಊದುವುದಿಲ್ಲ, ಗಾಳಿಯ ತೇವವನ್ನು ರಬ್ಬರಿನಷ್ಟು ಒಳಗೆ ಬಿಡುವುದೂ ಇಲ್ಲ. ಆಗುಂಬೆಯಂಥ ಕಡೆ ಇದು ಸಣ್ಣ ಮಾತಲ್ಲ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 3 ಹೊಸದಿದ್ದಾಗ 205 ಡಿಗ್ರಿಯವರೆಗಾದರೂ ತಡೆಯಬೇಕು, ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155.

ಹಾಕಿಸಿ ಓಡಿಸಿದೆ. ಪೆಡಲ್ ಸ್ವಲ್ಪ ಗಟ್ಟಿಯಾಯಿತು, ಸುಳ್ಳು ಹೇಳಬಾರದು. ಆದರೆ ಆ ‘ಸ್ವಲ್ಪ’ ಎಷ್ಟು ಎಂದು ತಿಳಿಯಲು ಹಳೇ ರಬ್ಬರ್ ಹೋಸನ್ನೇ ಮತ್ತೆ ಹಾಕಿ, ಡ್ರಮ್ಮಿಗೂ ಶೂಗೂ ನಡುವಿನ ಅಂತರ ಮಾತ್ರ ಸರಿಯಾಗಿ ಹೊಂದಿಸಿ ನೋಡಿದೆ. ಪೆಡಲಿನ ಓಟ ಸ್ಟೀಲ್ ಹೋಸಿನಿಂದ ತಗ್ಗಿದ್ದಕ್ಕಿಂತ ಜಾಸ್ತಿ ತಗ್ಗಿತು. ಡ್ರಮ್ ಬ್ರೇಕಿನಲ್ಲಿ ಕಾಲು ಇಳಿಯುವ ದೂರದ ದೊಡ್ಡ ಪಾಲು ಶೂ ಹೋಗಿ ಡ್ರಮ್ ಮುಟ್ಟುವುದಕ್ಕೇ ಖರ್ಚಾಗುತ್ತದೆ, ಹೋಸಿನ ಉಬ್ಬು ಅದರ ಮುಂದೆ ಚಿಲ್ಲರೆ. ಡಿಸ್ಕ್ ಹಾಕಿಸಿಕೊಂಡ ಗಾಡಿಯ ಲೆಕ್ಕ ಬೇರೆ.

ಘಾಟಿ ಇಳಿಯುವಾಗಿನ ಮೆತ್ತನೆಯ ಪೆಡಲನ್ನೂ ಹೋಸಿನ ತಲೆಗೆ ಕಟ್ಟುವವರಿದ್ದಾರೆ. ತಣ್ಣಗಿದ್ದಾಗಲೇ ಸ್ಪಂಜಿನಂತಿದ್ದರೆ ಗಾಳಿ ಸೇರಿದೆ, ಇಲ್ಲವೇ ಹೋಸ್ ಊದುತ್ತಿದೆ. ಹೊರಡುವಾಗ ಚೆನ್ನಾಗಿದ್ದು ಕೆಳಗಿನ ತಿರುವುಗಳಲ್ಲಿ ಮೆತ್ತಗಾದರೆ ಆಯಿಲ್ ಕುದಿಯುತ್ತಿದೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಶೂ ಮೇಲಿನ ಲೈನರ್ ಕಾದು ಹಿಡಿತ ಬಿಟ್ಟಿದೆ. ಕೊನೆಯ ಎರಡಕ್ಕೆ ಯಾವ ಹೋಸೂ ಮದ್ದಲ್ಲ. ಎರಡನೇ ಗೇರಿನಲ್ಲಿ ಇಳಿಯಬೇಕು, ಆಯಿಲ್ ಹೊಸದಿರಬೇಕು, ಅಷ್ಟೇ.

ಸ್ಟೀಲ್ ಹೋಸನ್ನು ನಾನು ತೆಗೆದಿದ್ದು ಪೆಡಲಿನ ಕಾರಣಕ್ಕಲ್ಲ, ಕೆಸರಿನ ಕಾರಣಕ್ಕೆ. ಮಳೆಗಾಲದಲ್ಲಿ ನಮ್ಮ ಮನೆಯ ದಾರಿಯ ಕೆಂಪು ಮಣ್ಣು ಹೆಣಿಗೆಯೊಳಗೆ ಹೊಕ್ಕು ಕೂತುಬಿಡುತ್ತದೆ. ತೊಳೆದರೂ ಹೋಗುವುದಿಲ್ಲ. ಹೋಸ್ ಬಗ್ಗಿದಾಗಲೆಲ್ಲ ಆ ಮರಳಿನ ಕಣ ಒಳಗಿನ ಕೊಳವೆಯನ್ನು ಉಜ್ಜುತ್ತಿರುತ್ತದೆ, ಹೊರಗಿನ ತಂತಿ ತಾನು ತಾಗಿದ ಕಬ್ಬಿಣವನ್ನು ಅರದಂತೆ ಸವೆಸುತ್ತದೆ. ಪ್ಲಾಸ್ಟಿಕ್ ಹೊದಿಕೆ ಇರುವಂಥದ್ದು ಇದಕ್ಕೆ ಎಷ್ಟೋ ಮೇಲು. ಆದರೂ ಒಳಗೇನಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ರಬ್ಬರು ಬಿರುಕು ಬಿಟ್ಟು, ಉಬ್ಬಿ, ತೇವ ಒಸರಿ ಮುನ್ಸೂಚನೆ ಕೊಡುತ್ತದೆ. ಒಂದೇ ಸರ್ಕ್ಯೂಟಿನ ಗಾಡಿಯಲ್ಲಿ ನನಗೆ ಆ ಮುನ್ಸೂಚನೆ ಬೇಕು. ಇನ್ನೊಂದು ತೊಡಕು ತುದಿಗಳದ್ದು. ನನಗೆ ಸಿಕ್ಕ ಸ್ಟೀಲ್ ಹೋಸಿಗೆ ಪದ್ಮಿನಿಯ ತ್ರೆಡ್ ಇರಲಿಲ್ಲ, ಅಡಾಪ್ಟರ್ ಸೇರಿಸಬೇಕಾಯಿತು. ಒಂದೊಂದು ಅಡಾಪ್ಟರೂ ಸೋರಲು ಇನ್ನೊಂದು ಜಾಗ. ಬೆಲೆಯೋ, ಒಂದು ಸ್ಟೀಲ್ ಹೋಸಿಗೆ ಮೂರು ರಬ್ಬರ್ ಹೋಸ್ ಬರುತ್ತಿತ್ತು.

ಇನ್ನು ಹೊಸ ರಬ್ಬರು. ಇದರಲ್ಲೂ ಎರಡು ಬಗೆ. ‘ಪದ್ಮಿನಿಗೆ ಕೂರುತ್ತೆ’ ಎಂದು ಸಿದ್ಧವಾಗಿ ಸಿಗುವ ನಕಲು ಹೋಸ್ ಕೊಂಡು ನೋಡಿದೆ. ಮೇಜಿನ ಮೇಲೆ ಹಳೆಯದರ ಪಕ್ಕ ಇಟ್ಟಾಗ ಬೆರಳಗಲ ಗಿಡ್ಡ. ಅಷ್ಟೇ ತಾನೆ ಅನ್ನಿಸುತ್ತದೆ. ಕಾರನ್ನು ಜಾಕಿನ ಮೇಲೆತ್ತಿ, ಚಕ್ರವನ್ನು ಪೂರ್ತಿ ಕೆಳಗೆ ತೂಗಲು ಬಿಟ್ಟು, ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಅದು ತಂತಿಯಂತೆ ಬಿಗಿದು ನಿಂತಿತು. ನಮ್ಮ ರಸ್ತೆಯ ಗುಂಡಿಗೆ ಚಕ್ರ ಇಳಿದಾಗ ಆಗುವುದೂ ಇದೇ. ತುದಿಯೊಳಗಿನ ಸೀಟ್ ಕೂಡ ಒರಟಾಗಿತ್ತು, ಪೈಪಿನ ಫ್ಲೇರ್ (ಅಗಲಿಸಿದ ಬಾಯಿ) ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ವಾಪಸ್ ಕೊಟ್ಟೆ.

ಕೊನೆಗೆ ಉಳಿಸಿಕೊಂಡಿದ್ದು ಅಳತೆ ಕೊಟ್ಟು ಮಾಡಿಸಿದ ರಬ್ಬರ್ ಹೋಸ್. ಮಾಡಿಸುವಾಗ ಕೇಳಬೇಕಾದ್ದು ಎಸ್‌ಎಇ ಜೆ1401 (ಬ್ರೇಕ್ ಹೋಸಿನ ಮಾನದಂಡ) ಗುರುತಿನ ಬ್ರೇಕ್ ಹೋಸ್, ಮತ್ತು ಮೆಷಿನ್ನಿನಲ್ಲಿ ಒತ್ತಿ ಕೂರಿಸಿದ ತುದಿ. ಕ್ಲಾಂಪ್ ಹಾಕಿ ಬಿಗಿದದ್ದು ಕೂಡದು. ಈ ಗುರುತಿಗೆ ತೂಕ ಇದೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 106 ನಿಯಮದಂತೆ ಇಂಥ ಹೋಸ್ 4,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡವನ್ನು 2 ನಿಮಿಷ ಒಡೆಯದೆ ತಡೆಯಬೇಕು, ಬಗ್ಗಿಸಿ ತಿರುಗಿಸುವ ಯಂತ್ರದಲ್ಲಿ 35 ಗಂಟೆ ಉಳಿಯಬೇಕು. ಹೋಸಿನ ಉದ್ದಕ್ಕೂ ಎದುರುಬದುರು ಎರಡು ಗೆರೆ ಇರಬೇಕೆನ್ನುವುದೂ ಅದೇ ನಿಯಮ. ಅಲಂಕಾರಕ್ಕೆ ಎಳೆದ ಗೆರೆ ಅಲ್ಲ ಅದು, ಹಾಕಿದ ಮೇಲೆ ಹೋಸ್ ತಿರುಚಿದೆಯೇ ಎಂದು ಒಂದೇ ನೋಟಕ್ಕೆ ತೋರಿಸುತ್ತದೆ. ನನ್ನದರ ಮೇಲೆ ತಯಾರಾದ ತಿಂಗಳು, ವರ್ಷ ಓದುವ ಹಾಗೆ ಅಚ್ಚಾಗಿದೆ. ಉದ್ದವನ್ನು ಹಳೇ ಹೋಸಿನಿಂದ ತೆಗೆಯದೆ, ಚಕ್ರ ತೂಗಿಸಿ ಸ್ಟೇರಿಂಗ್ ಎರಡೂ ಕಡೆ ತಿರುಗಿಸಿ ದಾರ ಹಿಡಿದು ತೆಗೆದೆವು. ತೀರಾ ಉದ್ದವಾದರೂ ಟೈರಿಗೆ ತಾಗುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಪೆಡಲ್ ಹಳೇ ಸ್ಟಾಕಿನಷ್ಟೇ ಚೆನ್ನ, ಸ್ಟೀಲಿಗಿಂತ ಒಂದು ಕೂದಲೆಳೆ ಮೆತ್ತಗೆ. ಘಾಟಿ ಇಳಿಯುವಾಗ ಆ ವ್ಯತ್ಯಾಸ ನನ್ನ ಕಾಲಿಗೆ ಗೊತ್ತಾಗುವುದಿಲ್ಲ. ಮಳೆಗಾಲ ಕಳೆದ ಮೇಲೂ ತುದಿಗಳಲ್ಲಿ ಬಿರುಕಿಲ್ಲ, ಚಕ್ರ ತಕ್ಷಣ ಬಿಟ್ಟುಕೊಳ್ಳುತ್ತದೆ. ಡ್ರಮ್ ಬ್ರೇಕಿನ ಹಳೇ ಗಾಡಿಗೆ, ಮಲೆನಾಡಿನ ಕೆಸರಿಗೆ ಇದಕ್ಕಿಂತ ಒಳ್ಳೆಯದು ನಾನು ಕಾಣೆ.

ತ್ರೆಡ್ ವಿಷಯದಲ್ಲಿ ಎಚ್ಚರ. ಇಟಲಿ ಮೂಲದ ಪದ್ಮಿನಿಗೆ ಮೆಟ್ರಿಕ್, ಬ್ರಿಟನ್ ಮೂಲದ ಅಂಬಾಸಡರ್‌ಗೆ ಇಂಚಿನ ಲೆಕ್ಕ. 10 ಮಿ.ಮೀ. ವ್ಯಾಸ, 1 ಮಿ.ಮೀ. ಪಿಚ್ಚಿನ (ಎರಡು ತ್ರೆಡ್ ಗೆರೆಗಳ ನಡುವಿನ ಅಂತರ) ರಂಧ್ರಕ್ಕೆ 3/8 ಇಂಚಿನ, ಇಂಚಿಗೆ 24 ಸುತ್ತಿನ ನಟ್ಟು ಸಲೀಸಾಗಿ ಹೋಗಿಬಿಡುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಅದರ ವ್ಯಾಸ 9.5 ಮಿ.ಮೀ. ಮಾತ್ರ, ಆದ್ದರಿಂದ ಹಿಡಿದಿರುವುದು ತ್ರೆಡ್ಡಿನ ತುದಿಯಷ್ಟೇ. ಜೋರಾಗಿ ಬ್ರೇಕ್ ಒತ್ತಿದಾಗ ಕಿತ್ತು ಬರಬಹುದು. ಪಿಚ್ ಗೇಜ್ ಹಿಡಿದು ನೋಡದೆ ‘ಕೂರುತ್ತೆ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಬೇರೆ ಕಾರಿನ ಹೋಸ್ ತಂದು ಹೊಂದಿಸುವವರಿಗಂತೂ ಇದು ಮುಖ್ಯ.

ಹಾಕುವ ಕ್ರಮ: ಮೊದಲು ವೀಲ್ ಸಿಲಿಂಡರ್ ತುದಿ, ಹೊಸ ತಾಮ್ರದ ವಾಷರ್ ಸಮೇತ. ಆಮೇಲೆ ಬ್ರಾಕೆಟ್ಟಿನ ತುದಿ, ಅದರ ಷಟ್ಕೋನವನ್ನು ಒಂದು ಪಾನಾದಲ್ಲಿ ಹಿಡಿದುಕೊಂಡೇ ಪೈಪಿನ ನಟ್ ಬಿಗಿಯಬೇಕು, ಇಲ್ಲದಿದ್ದರೆ ಹೋಸ್ ತಿರುಚುತ್ತದೆ. ಆಯಿಲ್ ತಡೆಯಲೆಂದು ಹೋಸನ್ನು ಕಟಿಂಗ್ ಪ್ಲೇಯರಿನಲ್ಲಿ ಅಮುಕುವ ಮೇಸ್ತ್ರಿಗಳಿದ್ದಾರೆ, ಪಕ್ಕದಲ್ಲೇ ನಿಂತು ಬೇಡವೆನ್ನಿ, ಒಳಪದರ ಹರಿಯುತ್ತದೆ. ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿನಿಂದ ದೂರದ ಹಿಂದಿನ ಎಡ ಚಕ್ರದಿಂದ ಶುರು. ಈ ಕೆಲಸವನ್ನು ಮೃಗಶಿರಾ ಮಳೆ ಹಿಡಿಯುವ ಮೊದಲೇ ಮುಗಿಸಿಕೊಳ್ಳಿ, ತೆರೆದಿಟ್ಟ ಆಯಿಲ್ ಡಬ್ಬಿಗೆ ನಮ್ಮ ಮಳೆಗಾಲದ ಗಾಳಿ ಸಾಕು ಕೆಡಲು.